ಲಾಳಿಕೆ ಕತ್ತಲ್ಲಿ ಸಿಕ್ಕಿಬಿದ್ದ ಚೈನ್‌ಗಳು: ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ವು, ಬೇಯೀಸಿಯನ್ ಮಾಡೆಲ್ (ಮೊದಲೇ ಇರೋ ಅಂದಾಜು, ಅಂದ್ರೆ ಪ್ರಯರ್, ಅದನ್ನ ಡೇಟಾ ಜೊತೆ ಸೇರಿಸಿ ಪೋಸ್ಟೀರಿಯರ್ ಅನ್ನೋ ಹೊಸ ಅಂದಾಜು ಕೊಡೋ ಲೆಕ್ಕ) ಓಡಿಸಿದ ಮೇಲೆ ಬರೋ ಉತ್ತರವನ್ನ ನಂಬ್ಬೋದಾ ಅನ್ನೋದು. ಈ ಲೆಕ್ಕಕ್ಕೆ ಕಂಪ್ಯೂಟರ್ ಸಾಧ್ಯ ಇರೋ ಬೆಲೆಗಳ ನಡುವೆ ಓಡಾಡಿ ಒಂದೊಂದೇ ಬೆಲೆ ಹೆಕ್ಕುತ್ತೆ, ಅಂಥ ಒಂದು ಓಡಾಟಕ್ಕೆ ಚೈನ್, ಒಂದ್ಸಲ ಹೆಕ್ಕೋದಕ್ಕೆ ಇಟರೇಶನ್, ಶುರುವಿನ ತಯಾರಿಗೆ ವಾರ್ಮಪ್ ಅಂತಾರೆ. ಹಾಗಾಗಿ ಉಳಿದವನ್ನ ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ಪೊನ್ನಂಪೇಟೆ ಕಡೆಯವಳು. ಪ್ರಾಜೆಕ್ಟ್‌ಗೆ ಅಂತ ದಕ್ಷಿಣ ಕೊಡಗಿನ 9 ರೋಬಸ್ಟಾ ಕಾಫಿ ತೋಟಗಳಲ್ಲಿ ಕಾಯಿಕೊರಕ ಹುಳು ಎಷ್ಟಿದೆ ಅಂತ ಎಣಿಸಿದೀನಿ, ಒಂದೊಂದು ತೋಟದಲ್ಲಿ ಕೆಲವೇ ಗಿಡ ನೋಡೋಕಾಗಿದ್ದು, ಎರಡು ತೋಟದಲ್ಲಿ ಮಾತ್ರ ಜಾಸ್ತಿ ಗಿಡ ಸಿಕ್ತು. ತೋಟ ತೋಟಕ್ಕೆ ಬೇರೆ ಮಟ್ಟ, ಅವೆಲ್ಲದರ ಮೇಲೆ ಒಂದು ಸರಾಸರಿ ಮ್ಯೂ, ತೋಟಗಳ ನಡುವಿನ ವ್ಯತ್ಯಾಸಕ್ಕೆ ಟೌ ಅಂತ ಹೈರಾರ್ಕಿಕಲ್ ಮಾಡೆಲ್ ಸ್ಟ್ಯಾನ್ ಅನ್ನೋ ಪ್ರೋಗ್ರಾಂನಲ್ಲಿ ಬರೆದೆ. 4 ಚೈನ್, ಒಂದೊಂದಕ್ಕೆ 2000 ಇಟರೇಶನ್, ಅದರಲ್ಲಿ ಅರ್ಧ ವಾರ್ಮಪ್. 187 ಡೈವರ್ಜೆನ್ಸ್ ಅಂತ ವಾರ್ನಿಂಗ್ ಬಂತು, ಟೌಗೆ ಆರ್-ಹ್ಯಾಟ್ (ಚೈನ್‌ಗಳು ಒಂದಕ್ಕೊಂದು ಒಪ್ತಾವಾ ಅನ್ನೋ ಅಳತೆ, 1ಕ್ಕೆ ಹತ್ರ ಇದ್ದಷ್ಟೂ ಒಳ್ಳೇದು) 1.03, ಎಫೆಕ್ಟಿವ್ ಸ್ಯಾಂಪಲ್ (ಹೆಕ್ಕಿದ್ದು ಎಷ್ಟು ಸ್ವತಂತ್ರ ಬೆಲೆಗೆ ಸಮ ಅನ್ನೋದು) 90 ಅಷ್ಟೇ. ಗೈಡ್ ಸರ್ ಒಂದು ಲಕ್ಷ ಇಟರೇಶನ್ ಓಡ್ಸಮ್ಮ ಸರಿಹೋಗುತ್ತೆ ಅಂತಾರೆ. ಈ ಮಳೆಗೆ ನಮ್ಮ ಮನೇಲಿ ಕರೆಂಟೇ ಇರಲ್ಲ. ಓಡಿಸ್ಲಾ?

ಉತ್ತರ: ಓಡಿಸ್ಬೇಡಿ. ಒಂದು ಲಕ್ಷ ಅಲ್ಲ ಹತ್ತು ಲಕ್ಷ ಓಡಿಸಿದ್ರೂ ಚೈನ್‌ಗಳು ಹೋಗದೇ ಇರೋ ಜಾಗಕ್ಕೆ ಹೋಗಲ್ಲ. ನಿಮ್ಮ ಡೇಟಾ ಸರಿಯಾಗಿದೆ, ಮಾಡೆಲ್ ಕೂಡ ಸರಿಯಾಗಿದೆ, ಅದನ್ನ ಬರೆದಿರೋ ರೀತಿ ಮಾತ್ರ ಚೈನ್‌ಗೆ ನಡೆಯೋಕಾಗದ ದಾರಿ ಮಾಡಿಟ್ಟಿದೆ. ಸ್ವಲ್ಪ ಉದ್ದಕ್ಕೆ ಹೇಳ್ತೀನಿ ಯಾಕಂದ್ರೆ ಇದನ್ನ ಒಂದ್ಸಲ ಕಣ್ಣಿಗೆ ಕಟ್ಟೋ ಹಾಗೆ ನೋಡಿದ್ರೆ ಮತ್ತೆ ಮರೆಯಲ್ಲ.

ನಿಮ್ಮ ಮಾಡೆಲ್ ಮಾಡ್ತಿರೋದು ನಮ್ಮ ಬೆಳೆಗಾರರು ಮಳೆ ಲೆಕ್ಕದಲ್ಲಿ ದಿನಾ ಮಾಡೋದೇ. ಮೂವತ್ತು ವರ್ಷದ ಮಳೆ ಪುಸ್ತಕ ಇರೋ ತೋಟದವರು ತಮ್ಮ ಪುಸ್ತಕವನ್ನೇ ನಂಬ್ತಾರೆ, ಮೊನ್ನೆ ಮೊನ್ನೆ ತೋಟ ತಗೊಂಡು ಒಂದೇ ವರ್ಷದ ಲೆಕ್ಕ ಇರೋರು ಪಕ್ಕದ ತೋಟದವರನ್ನ ಕೇಳಿ ತಮ್ಮದನ್ನ ಅವರ ಕಡೆಗೆ ಸ್ವಲ್ಪ ವಾಲಿಸ್ಕೊಂಡು ಅಂದಾಜು ಮಾಡ್ತಾರೆ. ಎಷ್ಟು ವಾಲಬೇಕು ಅನ್ನೋದನ್ನ ನಿಮ್ಮ ಮಾಡೆಲ್‌ನಲ್ಲಿ ಟೌ ಹೇಳುತ್ತೆ. ಟೌ ಸಣ್ಣದಾದ್ರೆ ತೋಟಗಳೆಲ್ಲ ಹೆಚ್ಚುಕಮ್ಮಿ ಒಂದೇ, ಎಲ್ಲಾ ಮ್ಯೂ ಹತ್ರ ಬಂದು ಸೇರ್ಕೊಳ್ತವೆ. ಟೌ ದೊಡ್ಡದಾದ್ರೆ ತೋಟ ತೋಟಕ್ಕೂ ಅದರದ್ದೇ ದಾರಿ.

ಈಗ ಚೈನ್‌ನ ಕಷ್ಟ ನೋಡಿ. ಟೌ ದೊಡ್ಡದಿರೋ ಕಡೆ 9 ಥೀಟಾಗಳಿಗೂ (ಥೀಟಾ ಅಂದ್ರೆ ಒಂದೊಂದು ತೋಟದ ಮಟ್ಟ) ಓಡಾಡೋಕೆ ವಿಶಾಲ ಜಾಗ, ಟೌ ಸೊನ್ನೆ ಹತ್ರ ಬಂದಂಗೆ 9ಕ್ಕೂ ಒಟ್ಟಿಗೆ ಜಾಗ ಕಿರಿದಾಗ್ತಾ ಹೋಗಿ ಕೊನೆಗೆ ಸೂಜಿ ತೂತಷ್ಟಾಗುತ್ತೆ. ಇದರ ಆಕಾರ ಥೇಟ್ ಸೀಮೆಎಣ್ಣೆ ಹುಯ್ಯೋ ಲಾಳಿಕೆ. ರಾಡ್‌ಫರ್ಡ್ ನೀಲ್ 2003ರ ಪೇಪರ್‌ನಲ್ಲಿ ಈ ಆಕಾರವನ್ನೇ ಉದಾಹರಣೆಯಾಗಿ ಕೊಟ್ಟಿದ್ರು, ಆಮೇಲಿಂದ ಎಲ್ಲರೂ ನೀಲ್ ಲಾಳಿಕೆ ಅಂತಲೇ ಕರೀತಾರೆ. ತೋಟಕ್ಕೆ ಕಡಿಮೆ ಡೇಟಾ ಇದ್ದಷ್ಟೂ ಲಾಳಿಕೆ ಚೂಪು, ನಿಮ್ಮಲ್ಲಿ 7 ತೋಟ ಹಾಗೇ ಇವೆ.

ಸ್ಟ್ಯಾನ್ ಓಡಿಸೋದು ಹ್ಯಾಮಿಲ್ಟೋನಿಯನ್ ಮಾಂಟೆ ಕಾರ್ಲೋ. ಅದು ಇಳಿಜಾರಲ್ಲಿ ವಾಹನ ಬಿಟ್ಟ ಹಾಗೆ, ಸಣ್ಣ ಸಣ್ಣ ಹೆಜ್ಜೆ ಹಾಕಿ ದಾರಿ ಲೆಕ್ಕ ಹಾಕುತ್ತೆ, ಆ ಹೆಜ್ಜೆಯ ಉದ್ದವನ್ನ ವಾರ್ಮಪ್ ಹೊತ್ತಲ್ಲಿ ಒಂದ್ಸಲ ಕಲಿತು ಆಮೇಲೆ ಬದಲಾಯಿಸಲ್ಲ. ಗೋಣಿಕೊಪ್ಪದ ಸಮನಾದ ರೋಡಲ್ಲಿ ಸ್ಪೀಡ್ ಸೆಟ್ ಮಾಡ್ಕೊಂಡ ಜೀಪು ಅದೇ ಸ್ಪೀಡಲ್ಲಿ ಮಾಕುಟ್ಟ ಘಾಟಿ ಇಳಿದ್ರೆ ಏನಾಗುತ್ತೆ? ತಿರುವಲ್ಲಿ ರೋಡು ಬಿಟ್ಟು ಹೋಗುತ್ತೆ. ಡೈವರ್ಜೆನ್ಸ್ ಅಂದ್ರೆ ಅದೇ, ಲೆಕ್ಕದಲ್ಲಿ ಉಳಿಬೇಕಾಗಿದ್ದ ಎನರ್ಜಿ ಉಳಿಯದೆ ಸಿಡಿದು ಹೋಯ್ತು ಅಂತ ಪ್ರೋಗ್ರಾಂ ಹೇಳ್ತಿದೆ. ಆ 187 ಬಿಂದುಗಳನ್ನ ಲಾಗ್ ಟೌ ಒಂದು ಕಡೆ, ಯಾವುದಾದ್ರೂ ಒಂದು ಥೀಟಾ ಇನ್ನೊಂದು ಕಡೆ ಇಟ್ಟು ಪ್ಲಾಟ್ ಮಾಡಿ ಬಣ್ಣ ಹಾಕಿ ನೋಡಿ, ಬಹುಪಾಲು ಲಾಳಿಕೆ ಕತ್ತಿನ ಬಾಯಲ್ಲೇ ಗುಂಪು ಕಟ್ಟಿರ್ತವೆ. ಅಲ್ಲಿಂದ ಕೆಳಗೆ ನಿಮ್ಮ ಚೈನ್ ಇಳಿದೇ ಇಲ್ಲ.

ಇಳಿದೇ ಇದ್ರೆ ನಷ್ಟ ಏನು ಅಂತ ಕೇಳ್ಬೋದು. ಟೌನ ಸಣ್ಣ ಬೆಲೆಗಳು ಲೆಕ್ಕದಿಂದ ಬಿಟ್ಟು ಹೋಗ್ತವೆ, ಹಾಗಾಗಿ ಟೌ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ, ತೋಟಗಳ ನಡುವೆ ಇಲ್ಲದ ವ್ಯತ್ಯಾಸ ಇದೆ ಅಂತ ನಿಮ್ಮ ರಿಪೋರ್ಟ್ ಹೇಳುತ್ತೆ, ಯಾವುದೋ ತೋಟದವರಿಗೆ ನಿಮ್ಮಲ್ಲೇ ಕೊರಕ ಜಾಸ್ತಿ ಅಂತ ಹೇಳ್ಬಿಡ್ತೀರಿ, ಅವರು ಅದಕ್ಕೆ ಔಷಧಿ ಹೊಡಿತಾರೆ, ಆಳು ಕೂಲಿ ಕೊಡ್ತಾರೆ. ಇದು ನನಗೆ ತುಂಬಾ ಮುಖ್ಯ ಅನ್ಸುತ್ತೆ, ಕಂಪ್ಯೂಟರ್ ಒಳಗಿನ ಈ ತಪ್ಪಿಗೆ ದುಡ್ಡು ಕೊಡೋದು ಕಡೆಗೆ ತೋಟದವರೇ.

ಈಗ ಮದ್ದು. ಥೀಟಾವನ್ನ ನೇರವಾಗಿ ಪ್ಯಾರಾಮೀಟರ್ ಅಂತ ಇಡ್ಬೇಡಿ. ಅದರ ಬದಲು ತೋಟಕ್ಕೊಂದು ಝಡ್ ಇಡಿ, ಝಡ್‌ಗೆ ಸರಾಸರಿ ಸೊನ್ನೆ, ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಚೆದುರಿನ ಅಳತೆ) ಒಂದು ಇರೋ ನಾರ್ಮಲ್ ಪ್ರಯರ್ ಕೊಡಿ, ಆಮೇಲೆ ಥೀಟಾ = ಮ್ಯೂ + ಟೌ × ಝಡ್ ಅಂತ ಲೆಕ್ಕ ಹಾಕ್ಕೊಳ್ಳಿ. ಅಷ್ಟೇ. ಮಾಡೆಲ್ ಅದೇ, ಅರ್ಥ ಒಂಚೂರೂ ಬದಲಾಗಲ್ಲ, ಆದ್ರೆ ಈಗ ಪ್ರಯರ್‌ನಲ್ಲಿ ಝಡ್‌ಗೂ ಟೌಗೂ ಸಂಬಂಧವೇ ಇಲ್ಲ, ಟೌ ಸೊನ್ನೆ ಹತ್ರ ಹೋದ್ರೂ ಝಡ್‌ಗಳಿಗೆ ಅದೇ ವಿಶಾಲ ಜಾಗ. ಘಾಟಿ ರೋಡನ್ನೇ ಸಮ ಮಾಡಿಕೊಟ್ಟ ಹಾಗೆ. ಇದಕ್ಕೆ ನಾನ್-ಸೆಂಟರ್ಡ್ ರೂಪ ಅಂತ ಹೆಸರು. ನೀವು ಬಿಆರ್‌ಎಂಎಸ್ ಪ್ಯಾಕೇಜ್‌ನಲ್ಲಿ ಬರೆದಿದ್ರೆ ಅದು ತಾನಾಗೇ ಹೀಗೇ ಬರ್ಕೊಳ್ತಿತ್ತು, ಕೈಯಲ್ಲಿ ಬರೆದಿದ್ದಕ್ಕೆ ಈ ಪಾಠ ಸಿಕ್ತು ಅಂತ ಇಟ್ಕೊಳ್ಳಿ.

ಸ್ಟ್ಯಾನ್‌ನ ಅಡಾಪ್ಟ್ ಡೆಲ್ಟಾ ಅನ್ನೋ ಸೆಟ್ಟಿಂಗನ್ನ 0.8ರಿಂದ 0.99ಕ್ಕೆ ಏರಿಸಿ ಅಂತ ಯಾರಾದ್ರೂ ಹೇಳಿರ್ತಾರೆ. ಅದು ಜೀಪಿನ ಸ್ಪೀಡ್ ಕಡಿಮೆ ಮಾಡೋದು, ಡೈವರ್ಜೆನ್ಸ್ ಕಡಿಮೆಯಾಗುತ್ತೆ, ಹೊತ್ತು ಜಾಸ್ತಿ ಹಿಡಿಯುತ್ತೆ, ಆದ್ರೆ ಕತ್ತು ಇನ್ನೂ ಕಿರಿದಾಗಿ ಹೋಗ್ತಾನೇ ಇರುತ್ತಲ್ವಾ, ಎಲ್ಲೋ ಒಂದ್ಕಡೆ ಆ ಸ್ಪೀಡೂ ಜಾಸ್ತಿಯೇ. ಮೊದಲು ರೂಪ ಬದಲಾಯಿಸಿ, ಆಮೇಲೂ ಒಂದೆರಡು ಉಳಿದ್ರೆ ಆಗ 0.95 ಮಾಡಿ ನೋಡಿ.

ಒಂದು ಎಚ್ಚರಿಕೆ. ನಾನ್-ಸೆಂಟರ್ಡ್ ಯಾವಾಗ್ಲೂ ಒಳ್ಳೇದು ಅಂತಲ್ಲ. ಡೇಟಾ ತುಂಬಾ ಇರೋ ತೋಟದಲ್ಲಿ ಥೀಟಾ ಎಲ್ಲಿದೆ ಅಂತ ಡೇಟಾವೇ ಮೊಳೆ ಹೊಡೆದ ಹಾಗೆ ಹಿಡಿದಿಟ್ಟಿರುತ್ತೆ, ಆಗ ಟೌ ಅಲ್ಲಾಡಿದ್ರೆ ಝಡ್ ಕೂಡ ಅದಕ್ಕೆ ತಕ್ಕ ಹಾಗೆ ಅಲ್ಲಾಡ್ಲೇಬೇಕು, ಹೊಸ ಗಂಟು ಬೀಳುತ್ತೆ, ಅಂಥ ತೋಟಕ್ಕೆ ಹಳೇ ಸೆಂಟರ್ಡ್ ರೂಪವೇ ಸರಿ. ನಿಮ್ಮ ಆ ಎರಡು ತೋಟದಲ್ಲಿ ನೂರಾರು ಗಿಡ ಎಣಿಸಿದ್ರೆ ಅವೆರಡಕ್ಕೆ ಮಾತ್ರ ಸೆಂಟರ್ಡ್, ಉಳಿದ 7ಕ್ಕೆ ನಾನ್-ಸೆಂಟರ್ಡ್ ಅಂತ ಮಿಕ್ಸ್ ಮಾಡಿಯೂ ಬರೀಬೋದು, ತಪ್ಪೇನಿಲ್ಲ.

ಟೌಗೆ ಏನು ಪ್ರಯರ್ ಹಾಕಿದೀರಿ ಅಂತ ಬರೆದಿಲ್ಲ. 9 ತೋಟದಿಂದ ಟೌ ಬಗ್ಗೆ ಡೇಟಾ ಹೇಳೋದು ಕಮ್ಮಿ, ಪ್ರಯರ್ ಮಾತಿಗೆ ಬೆಲೆ ಜಾಸ್ತಿ. ಲಾಜಿಟ್ ಲೆಕ್ಕದಲ್ಲಿ (ತೂತಿರೋ ಕಾಯಿಗೂ ಇಲ್ಲದ ಕಾಯಿಗೂ ಇರೋ ಅನುಪಾತದ ಲಾಗ್) ಟೌ 1 ಅಂದ್ರೇನೇ ಸಾಕಷ್ಟು ದೊಡ್ಡದು, ಸರಾಸರಿ ತೋಟದಲ್ಲಿ 100 ಕಾಯಿಗೆ 5 ತೂತು ಇದ್ರೆ ಒಂದು ಎಸ್‌ಡಿ ಮೇಲಿರೋ ತೋಟದಲ್ಲಿ ಸುಮಾರು 12-13, ಒಂದು ಎಸ್‌ಡಿ ಕೆಳಗಿರೋದ್ರಲ್ಲಿ ಸುಮಾರು 2. ತೋಟ ಸುತ್ತಿರೋರಿಗೆ ಇದು ನಂಬೋ ಅಂಥ ಅಂತರ. ಹಾಗಾಗಿ ಸ್ಕೇಲ್ 1 ಇರೋ ಹಾಫ್-ನಾರ್ಮಲ್ (ನಾರ್ಮಲ್‌ನ ಸೊನ್ನೆ ಮೇಲಿನ ಅರ್ಧ) ಹಾಕಿ ಶುರು ಮಾಡಿ, 0.5 ಮತ್ತು 2 ಹಾಕಿಯೂ ಓಡಿಸಿ ಉತ್ತರ ಎಷ್ಟು ಅಲ್ಲಾಡುತ್ತೆ ನೋಡಿ, ಅದನ್ನ ಥೀಸಿಸ್‌ನಲ್ಲಿ ಬರೀರಿ.

ನಿಮ್ಮ ಡೇಟಾಗೆ ಕೈ ಹಾಕೋ ಮೊದಲು ಎಂಟು ಸ್ಕೂಲಿನ ಉದಾಹರಣೆಯಲ್ಲಿ ಎರಡೂ ರೂಪ ಓಡಿಸಿ ನೋಡಿ, ಒಂದು ಸಂಜೆಯ ಕೆಲಸ. ಡೊನಾಲ್ಡ್ ರೂಬಿನ್ 1981ರಲ್ಲಿ ಬರೆದದ್ದು, ಅಮೆರಿಕದ ಎಂಟು ಸ್ಕೂಲಲ್ಲಿ ಪರೀಕ್ಷೆ ಕೋಚಿಂಗ್‌ನಿಂದ ಎಷ್ಟು ಮಾರ್ಕ್ಸ್ ಜಾಸ್ತಿ ಆಯ್ತು ಅಂತ. ಮೊದಲನೇ ಸ್ಕೂಲಿಗೆ 28 ಬಂದಿದೆ ಆದ್ರೆ ಅದರ ಸ್ಟ್ಯಾಂಡರ್ಡ್ ಎರರ್ 15, ಇನ್ನೊಂದಕ್ಕೆ ಮೈನಸ್ 3, ಎರರ್ 16. ನಿಮ್ಮ ತೋಟಗಳ ಥರಾನೇ, ಕೆಲವೇ ಗುಂಪು, ಒಂದೊಂದರಲ್ಲೂ ಕಡಿಮೆ ಭರವಸೆ. ಸೆಂಟರ್ಡ್‌ನಲ್ಲಿ ಡೈವರ್ಜೆನ್ಸ್ ಬರೋದು, ನಾನ್-ಸೆಂಟರ್ಡ್‌ನಲ್ಲಿ ಅದು ಹೋಗಿ ಟೌನ ಹಿಸ್ಟೋಗ್ರಾಂ ಸೊನ್ನೆವರೆಗೂ ತುಂಬ್ಕೊಳ್ಳೋದು ಎರಡನ್ನೂ ಕಣ್ಣಾರೆ ನೋಡ್ತೀರಿ, ಆ ಎರಡು ಚಿತ್ರ ಗೈಡ್ ಸರ್‌ಗೆ ತೋರಿಸಿ. ಅವರು ಕಲಿತ ಕಾಲದಲ್ಲಿ ಜಾಸ್ತಿ ಓಡಿಸೋದೇ ಇದ್ದ ಮದ್ದು, ಅವರ ಮಾತಲ್ಲಿ ಕೆಟ್ಟದ್ದೇನೂ ಇಲ್ಲ.

ಪ್ರಶ್ನೆ: ಆರ್-ಹ್ಯಾಟ್ 1.1ರ ಒಳಗಿದ್ರೆ ಸಾಕು ಅಂತ ನಾವು ಓದಿದ್ದು, ಈಗ 1.01 ಅಂತಾರೆ. ಇನ್ನು ಕೆಲವರು ಒಂದೇ ಉದ್ದ ಚೈನ್ ಸಾಕು ಅಂತಾರೆ. ಯಾವುದು ಸರಿ? (ಕುಶಾಲನಗರ)

ಉತ್ತರ: ಈ ಜಗಳ ಹಳೇದು. 1992ರಲ್ಲಿ ಒಂದೇ ಜರ್ನಲ್‌ನಲ್ಲಿ ಗೆಲ್ಮನ್ ಮತ್ತು ರೂಬಿನ್ ಹಲವು ಚೈನ್ ಬೇಕು ಅಂತ ಬರೆದ್ರು, ಚಾರ್ಲ್ಸ್ ಗೇಯರ್ ಒಂದೇ ಉದ್ದ ಚೈನ್ ವಾಸಿ ಅಂತ ಬರೆದ್ರು. ಗೇಯರ್ ವಾದದಲ್ಲೂ ತೂಕ ಇತ್ತು, ಸಣ್ಣ ಸಣ್ಣ ಚೈನ್‌ಗಳು ಶುರುವಿನಲ್ಲೇ ಸತ್ತು ಹೋದ್ರೆ ಏನು ಪ್ರಯೋಜನ ಅಂತ. ಆದ್ರೆ ಒಂದೇ ಚೈನ್ ಒಂದು ಮೂಲೆಯಲ್ಲಿ ಕೂತ್ಬಿಟ್ರೆ ಅದನ್ನ ನೋಡಿದೋರಿಗೆ ಗೊತ್ತಾಗೋದು ಹೇಗೆ? ನಾನು 4 ಚೈನ್ ಪಕ್ಷ.

1.1 ಅನ್ನೋದು ಎಷ್ಟು ಸಡಿಲ ಅಂತ ಕೈಲೆಕ್ಕದಲ್ಲೇ ನೋಡ್ಬೋದು. ಆರ್-ಹ್ಯಾಟ್‌ನ ವರ್ಗ ಹೆಚ್ಚುಕಮ್ಮಿ 1 + ಚೈನ್ ಸರಾಸರಿಗಳ ವೇರಿಯನ್ಸ್ ಭಾಗಿಸು ಚೈನ್ ಒಳಗಿನ ವೇರಿಯನ್ಸ್. 1.1ರ ವರ್ಗ 1.21, ಅಂದ್ರೆ ಚೈನ್‌ಗಳ ಸರಾಸರಿಗಳು ಒಂದಕ್ಕೊಂದು ಪೋಸ್ಟೀರಿಯರ್ ಎಸ್‌ಡಿಯ ಹತ್ತತ್ರ ಅರ್ಧದಷ್ಟು, 0.46, ಚೆದುರಿದ್ರೂ ಪಾಸ್! 1.01 ಇಟ್ರೆ ಅದೇ ಚೆದುರು 0.14ಕ್ಕೆ ಇಳಿಯುತ್ತೆ. 2021ರಲ್ಲಿ ವೆಹ್ತಾರಿ, ಗೆಲ್ಮನ್ ಮತ್ತವರ ಜೊತೆಯವರು 1.01 ಇಡಿ ಅಂದಿದ್ದಲ್ದೆ ಲೆಕ್ಕ ಹಾಕೋ ರೀತಿಯನ್ನೂ ಬದಲಿಸಿದ್ರು, ಮೊದಲೇ ರೂಢಿಯಲ್ಲಿದ್ದ ಹಾಗೆ ಪ್ರತಿ ಚೈನನ್ನ ಅರ್ಧಕ್ಕೆ ಕತ್ತರಿಸಿ, ಬೆಲೆಗಳ ಬದಲು ರ್‍ಯಾಂಕ್ ಇಟ್ಕೊಂಡು. ಬಾಲ ತುಂಬಾ ಉದ್ದ ಇರೋ ಹಂಚಿಕೆಯಲ್ಲಿ, ಮತ್ತೆ ಸರಾಸರಿ ಒಂದೇ ಇದ್ದು ಅಗಲ ಬೇರೆ ಇರೋ ಚೈನ್‌ಗಳಲ್ಲಿ, ಹಳೇ ಆರ್-ಹ್ಯಾಟ್ ಮೋಸ ಹೋಗ್ತಿತ್ತು. ಎಫೆಕ್ಟಿವ್ ಸ್ಯಾಂಪಲ್ 400 ಆದ್ರೂ ಇರ್ಲಿ ಅಂತಲೂ ಅದೇ ಪೇಪರ್ ಹೇಳುತ್ತೆ.

ಇದು ನನಗೇ ಪೆಟ್ಟು ಕೊಟ್ಟ ವಿಷಯ. ಕೆಲವು ವರ್ಷದ ಹಿಂದೆ ನಮ್ಮ ಕಡೆ ತೋಟಗಳ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಲೆಕ್ಕ ಇಟ್ಕೊಂಡು ಮಳೆ ಯಾವ ವರ್ಷದಿಂದ ಬದಲಾಗಿದೆ ಅಂತ ಹುಡುಕೋ ಮಾಡೆಲ್ ಬರೆದಿದ್ದೆ, ಶುರುವಿನ ಬೆಲೆಗಳನ್ನ ಕಾಪಿ ಪೇಸ್ಟ್ ಮಾಡಿ ನಾಲ್ಕೂ ಚೈನನ್ನ ಒಂದೇ ವರ್ಷದಲ್ಲಿ ನಿಲ್ಲಿಸಿದ್ದೆ. ಆರ್-ಹ್ಯಾಟ್ 1.00. ಎರಡು ತಿಂಗಳು ಅದನ್ನೇ ನಂಬ್ಕೊಂಡು ಎಲ್ಲರಿಗೂ ಹೇಳ್ಕೊಂಡು ಬಂದೆ. ಆಮೇಲೆ ಬೇರೆ ಬೇರೆ ವರ್ಷದಿಂದ ಶುರು ಮಾಡಿಸಿದ್ರೆ ಎರಡು ಚೈನ್ ಹೋಗಿ ಬೇರೆಯೇ ವರ್ಷದಲ್ಲಿ ಕೂತ್ವು, ಆರ್-ಹ್ಯಾಟ್ 2 ದಾಟ್ತು. ನಾಲ್ಕು ಜನ ಸಾಕ್ಷಿ ಒಂದೇ ಬಸ್ಸಲ್ಲಿ ಒಂದೇ ಊರಿಂದ ಬಂದಿದ್ರೆ ಅದು ಒಂದೇ ಸಾಕ್ಷಿ. ಆರ್-ಹ್ಯಾಟ್ ಕೆಟ್ಟದಾಗಿದ್ರೆ ಚೈನ್ ಸೇರಿಲ್ಲ ಅಂತ ಖಂಡಿತ ಹೇಳ್ಬೋದು, ಚೆನ್ನಾಗಿದ್ರೆ ಸೇರಿದೆ ಅಂತ ಹಾಗೆ ಖಂಡಿತ ಹೇಳೋಕಾಗಲ್ಲ. ಅನಂತ ಕಾಲ ಓಡಿದ್ರೆ ಎಲ್ಲಿಂದ ಹೊರಟ್ರೂ ಸರಿಯಾದ ಹಂಚಿಕೆಗೆ ಬರುತ್ತೆ ಅಂತ ಥಿಯರಿ ಮಾತು ಕೊಡುತ್ತೆ ನಿಜ, ನಮ್ಮ 1000 ಇಟರೇಶನ್ ಒಳಗೆ ಬರುತ್ತೆ ಅಂತ ಮಾತ್ರ ಅದು ಎಲ್ಲೂ ಹೇಳಿಲ್ಲ.

ಪ್ರಶ್ನೆ: ನಾನು ಸೋಮವಾರಪೇಟೆ ಕಡೆ ಲೆಕ್ಚರರ್. ಜ್ಯಾಗ್ಸ್ ಅನ್ನೋ ಪ್ರೋಗ್ರಾಂನಲ್ಲೇ ಮಾಡ್ತೀನಿ, ಡೈವರ್ಜೆನ್ಸ್ ಅಂತ ಯಾವತ್ತೂ ಬಂದಿಲ್ಲ. 50ಕ್ಕೊಂದು ಇಟ್ಕೊಂಡು ಥಿನ್ ಮಾಡ್ತೀನಿ, ವೇರಿಯನ್ಸ್‌ಗೆ 0.001, 0.001 ಇನ್ವರ್ಸ್ ಗಾಮಾ ಪ್ರಯರ್. ಇದು ಸಾಕಲ್ವಾ?

ಉತ್ತರ: ಸರ್, ಡೈವರ್ಜೆನ್ಸ್ ಬಂದಿಲ್ಲ ಅನ್ನೋದಕ್ಕೆ ಕಾರಣ ಜ್ಯಾಗ್ಸ್ ಅದನ್ನ ಅಳೆಯೋದೇ ಇಲ್ಲ. ಲಾಳಿಕೆ ಅಲ್ಲೂ ಇದೆ. ಜ್ಯಾಗ್ಸ್ ಓಡಿಸೋ ಗಿಬ್ಸ್ ವಿಧಾನದಲ್ಲಿ (ಬೆಲೆಗಳನ್ನ ಸರದಿ ಮೇಲೆ ಬದಲಾಯಿಸೋದು) ಟೌ ಸಣ್ಣದಾದಾಗ ಥೀಟಾಗಳು ಮ್ಯೂ ಹತ್ರ ಅಂಟ್ಕೊಳ್ತವೆ, ಥೀಟಾಗಳು ಅಂಟ್ಕೊಂಡಿರೋದನ್ನ ನೋಡಿ ಟೌ ಮತ್ತೆ ಸಣ್ಣದೇ ಬರುತ್ತೆ, ಒಬ್ಬರ ಕೈ ಒಬ್ಬರು ಹಿಡ್ಕೊಂಡು ಕತ್ತಲ್ಲೇ ಕೂರ್ತಾರೆ. ಟೌನ ಟ್ರೇಸ್ ಪ್ಲಾಟ್ (ಇಟರೇಶನ್ ಕ್ರಮದಲ್ಲಿ ಬೆಲೆ ಹೇಗೆ ಹೋಯ್ತು ಅನ್ನೋ ಚಿತ್ರ) ನೋಡಿ, ಸೊನ್ನೆ ಹತ್ರ ಉದ್ದುದ್ದ ಚಪ್ಪಟೆ ಗೆರೆ ಕಾಣುತ್ತೆ. ಅದೇ ನಿಮ್ಮ ವಾರ್ನಿಂಗ್. ಝಡ್ ರೂಪ ಜ್ಯಾಗ್ಸ್‌ನಲ್ಲೂ ಬರೀಬೋದು.

ಥಿನ್ನಿಂಗ್ ಬಗ್ಗೆ: ಅನ್ನ ಬೆಂದಿದ್ಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀವಲ್ವಾ, ಅದು ನಡೆಯೋದು ಪಾತ್ರೆ ಪೂರ್ತಿ ಒಂದೇ ಸಮ ಕುದ್ದಿರೋದ್ರಿಂದ. ಚೈನ್‌ನಲ್ಲಿ ಪಕ್ಕಪಕ್ಕದ ಅಗುಳುಗಳು ಒಂದೇ ಮೂಲೆಯವು. ಪಕ್ಕದ ಬೆಲೆಗಳ ನಡುವೆ ಕೋರಿಲೇಶನ್ 0.9 ಇದ್ದು ಅದು ಹೆಜ್ಜೆ ಹೆಜ್ಜೆಗೆ ಅದೇ ಪ್ರಮಾಣದಲ್ಲಿ ಇಳೀತಾ ಹೋದ್ರೆ 4000 ಬೆಲೆಗಳು ನಿಜಕ್ಕೂ 4000 ÷ 19, ಸುಮಾರು 210 ಸ್ವತಂತ್ರ ಬೆಲೆಗೆ ಸಮ. 50ಕ್ಕೊಂದು ಆರಿಸಿ ಉಳಿದದ್ದು ಎಸೆದ್ರೆ ಕೈಲಿ ಉಳಿಯೋದು 80. ಸ್ವತಂತ್ರವಾಗಿ ಕಾಣ್ತವೆ ನಿಜ, ಆದ್ರೆ 210ರಷ್ಟು ಇದ್ದ ಮಾಹಿತಿ 80ಕ್ಕೆ ಬಂತು. ಹಾರ್ಡ್‌ಡಿಸ್ಕ್‌ನಲ್ಲಿ ಜಾಗ ಇಲ್ಲದೇ ಇದ್ರೆ ಥಿನ್ ಮಾಡಿ, ಇಲ್ದಿದ್ರೆ ಬೇಡ.

ಆ ಪ್ರಯರ್ ಬಿಟ್ಬಿಡಿ ಸರ್. ಏನೂ ಹೇಳದ ಪ್ರಯರ್ ಅಂತ ಬಗ್ಸ್ ಅನ್ನೋ ಹಳೇ ಪ್ರೋಗ್ರಾಂ ಕಾಲದಿಂದ ಎಲ್ಲರೂ ಹಾಕ್ಕೊಂಡು ಬಂದದ್ದು, ಆದ್ರೆ ಟೌ ಸೊನ್ನೆ ಹತ್ರ ಇರೋ ಸಾಧ್ಯತೆ ಇದ್ದಾಗ ಅದು ಜೋರಾಗೇ ಮಾತಾಡುತ್ತೆ, 0.001 ಬದಲು 0.01 ಹಾಕಿದ್ರೂ ಉತ್ತರ ಬದಲಾಗ್ಬೋದು. 2006ರಲ್ಲಿ ಗೆಲ್ಮನ್ ಅದೇ ಎಂಟು ಸ್ಕೂಲಿನ ಡೇಟಾದಲ್ಲೇ ಇದನ್ನ ತೋರಿಸಿ, ನೇರವಾಗಿ ಟೌ ಮೇಲೇ ಪ್ರಯರ್ ಇಡಿ ಅಂತ ಹೇಳಿದಾರೆ.

ಪ್ರಶ್ನೆ: ನಾಪೋಕ್ಲು ಹತ್ರ ತೋಟ ನಮ್ದು. ಮಗ ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತಾನೆ, ಹೇಳಿದ್ರೆ ನನಗೆ ತಲೆಬುಡ ಗೊತ್ತಾಗಲ್ಲ. ಇದು ಎಲ್ಲಿಂದ ಬಂತು, ನನ್ನಂಥವರಿಗೆ ಇದರಲ್ಲಿ ಏನಿದೆ?

ಉತ್ತರ: ಈ ಚೈನ್ ಓಡಿಸೋ ವಿಧಾನ ಬಂದಿದ್ದು ಅಮೆರಿಕದ ಲಾಸ್ ಅಲಾಮೋಸ್‌ನಿಂದ. 1953ರಲ್ಲಿ ಮೆಟ್ರೊಪೊಲಿಸ್, ರೋಸೆನ್‌ಬ್ಲೂತ್ ದಂಪತಿ, ಟೆಲ್ಲರ್ ದಂಪತಿ ಐದೂ ಜನ ಸೇರಿ, ಡಬ್ಬಿಯಲ್ಲಿ ಹಾಕಿದ ಬಿಲ್ಲೆಗಳ ಥರ 224 ಕಣಗಳು ಹೇಗೆ ಜೋಡ್ಕೊಳ್ತವೆ ಅನ್ನೋದನ್ನ ಮೇನಿಯಾಕ್ ಅನ್ನೋ ಕಂಪ್ಯೂಟರ್‌ನಲ್ಲಿ ಒಂದೊಂದೇ ಕಣವನ್ನ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ಲೆಕ್ಕ ಹಾಕಿದ್ರು. ಆ ಪ್ರೋಗ್ರಾಂ ಬರೆದೋರು ಅರಿಯಾನಾ ರೋಸೆನ್‌ಬ್ಲೂತ್ ಅನ್ನೋ ಹೆಣ್ಣುಮಗಳು, ವಿಧಾನಕ್ಕೆ ಮಾತ್ರ ಮೆಟ್ರೊಪೊಲಿಸ್ ಹೆಸರು ಉಳ್ಕೊಂಡಿತು, ಅವರ ಹೆಸರನ್ನ ನಾನು ಕ್ಲಾಸಲ್ಲಿ ತಪ್ಪದೇ ಹೇಳ್ತೀನಿ. 1970ರಲ್ಲಿ ಹೇಸ್ಟಿಂಗ್ಸ್ ಅದನ್ನ ಅಗಲ ಮಾಡಿದ್ರು, 1990ರಲ್ಲಿ ಗೆಲ್ಫಂಡ್ ಮತ್ತು ಸ್ಮಿತ್ ಇದನ್ನ ಬೇಯೀಸಿಯನ್ ಲೆಕ್ಕಕ್ಕೆ ಹಚ್ಬೋದು ಅಂತ ತೋರಿಸಿದ ಮೇಲೆ ಸ್ಟ್ಯಾಟಿಸ್ಟಿಕ್ಸ್‌ನವರೆಲ್ಲ ಹಿಡ್ಕೊಂಡ್ರು.

ನಿಮಗೇನಿದೆ ಅಂದ್ರೆ, ನಿಮ್ಮ ಮನೇಲಿ ಹಿರಿಯರು ಇಂಚು ಸೆಂಟಲ್ಲಿ ಬರೆದಿಟ್ಟ ಮಳೆ ಪುಸ್ತಕ ಇದ್ದೇ ಇರುತ್ತೆ. ಅಂಥ ಹತ್ತು ಮನೆಯ ಪುಸ್ತಕ ಸೇರಿಸಿದ್ರೆ ಭಾಗಮಂಡಲದ ಕಡೆಯ ಮಳೆಗೂ ಕುಶಾಲನಗರದ ಕಡೆಯ ಮಳೆಗೂ ಇರೋ ಅಜಗಜಾಂತರವನ್ನ ಮರೆಯದೆ, ಲೆಕ್ಕ ಕಮ್ಮಿ ಇರೋ ತೋಟಕ್ಕೂ ಹೂಮಳೆ ಯಾವಾಗ ಬರ್ಬೋದು, ಬ್ಯಾಕಿಂಗ್ ಶವರ್ (ಹೂ ಆದ ಮೇಲೆ ಬೇಕಾದ ಮಳೆ) ಕೈಕೊಡೋದು ಎಷ್ಟು ವರ್ಷಕ್ಕೊಮ್ಮೆ ಅಂತ ಒಂದು ಅಂದಾಜು ಕೊಡ್ಬೋದು, ಸ್ಪ್ರಿಂಕ್ಲರ್‌ಗೆ ಡೀಸೆಲ್ ತಂದಿಡೋ ಲೆಕ್ಕಕ್ಕೆ ಅದು ಉಪಯೋಗಕ್ಕೆ ಬರುತ್ತೆ. ಮಗನಿಗೆ ಪುಸ್ತಕದ ಪುಟಗಳ ಫೋಟೋ ತೆಗೆದು ಕಳಿಸಿ. ಕಳಿಸುವಾಗ ಒಂದು ಮಾತು ತಪ್ಪದೇ ಹೇಳಿ, ಮಳೆ ಬಂದಿಲ್ಲ ಅಂತ ಸೊನ್ನೆ ಹಾಕಿದ ದಿನ ಯಾವುದು, ಮದುವೆಗೋ ಆಸ್ಪತ್ರೆಗೋ ಹೋಗಿ ಅಳತೆ ನೋಡದೇ ಖಾಲಿ ಬಿಟ್ಟ ದಿನ ಯಾವುದು ಅಂತ. ಅದು ನಿಮಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಿರಲ್ಲ, ಖಾಲಿಯನ್ನೂ ಸೊನ್ನೆ ಅಂತ ತಗೊಂಡ್ರೆ ಆಮೇಲೆ ಎಷ್ಟು ಚೈನ್ ಓಡಿಸಿದ್ರೂ ನಾಲ್ಕೂ ಸೇರಿ ಅದೇ ತಪ್ಪನ್ನೇ ಹೇಳ್ತವೆ.